ರೇಣಮ್ಮನ ಆಣೆ

ನರ್ಸ್ ಕುಬ್ರಾಬೇಗಂಳನ್ನು ಮನೆಗೆ ಕರೆಸಿದವನು ಮಲ್ಕಪ್ಪನೇ. ರೇಣಮ್ಮನಿಗೆ ಮೂರು ತಿಂಗಳಾಗಿದೆ ಎಂದು ತಿಳಿದ ದಿನದಿಂದ, ದವಾಖಾನೆಯ ಹೆಸರೆತ್ತಿದರೆ ಸಾಕು, ಅವಳು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಮೂವತ್ತನಾಲ್ಕರ ವಯಸ್ಸಿನಲ್ಲಿ ನಿಂತ ಬಸಿರು. ಇದಕ್ಕೂ ಮೊದಲು ಎರಡು ಸಲ ನಿಂತು, ಎರಡು ಸಲವೂ ಉಸಿರಿಲ್ಲದ ಕೂಸನ್ನು ಹೆತ್ತಿದ್ದಳು. ಸುರಪುರದ ದವಾಖಾನೆಯ ಅದೇ ಸಾಲಿನಲ್ಲಿ ಕೂತು ಮತ್ತೆ ನಾಲ್ಕು ಮಂದಿಯ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

"ಹೊಟ್ಟಿ ಎದ್ದು ಕಾಣೂತನ ಯಾರಿಗೂ ಹೇಳಬ್ಯಾಡ್ರಿ. ನಿಮ್ಮವ್ವಗಂತೂ ಹೇಳಲೇಬ್ಯಾಡ್ರಿ," ಎಂದಿದ್ದಳು.

ಮಲ್ಕಪ್ಪನದು ಕಾಲುವೆ ಇಲಾಖೆಯ ಕೆಲಸ. ಕಕ್ಕೇರಾದಾಚೆ ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆ ಒಡೆಯುವ ಕಡೆ ಗೇಟು ಎತ್ತುವುದು, ಇಳಿಸುವುದು. ಗೇಟಿನ ಪಕ್ಕದಲ್ಲೇ ಎರಡು ಖೋಲಿಯ ಮನೆ. ಕುರಿ ಕಾಯುತ್ತಿದ್ದ ಮನೆತನದಲ್ಲಿ ಸರ್ಕಾರದ ಕೆಲಸ ಹಿಡಿದವನು ಇವನೊಬ್ಬನೇ. ಅವ್ವ ತಿಮ್ಮವ್ವ, ಅಣ್ಣ, ಅತ್ತಿಗೆ ಎಲ್ಲ ಊರ ಹೊರಗಿನ ಹಟ್ಟಿಯಲ್ಲಿ ಕುರಿಗಳ ಜೊತೆಗಿದ್ದರು. ಹೀಗಾಗಿ ಈ ಮನೆಗೆ ಯಾರು ಬಂದರು, ಯಾರು ಹೋದರು ಎಂದು ನೋಡುವವರಿರಲಿಲ್ಲ. ಕುಬ್ರಾಬೇಗಂ ಒಂದು ದಿನ ಕಾಲುವೆಯ ದಾರಿಯಲ್ಲಿ ಸಿಕ್ಕಾಗ ಅವನು ಅವಳ ಸ್ಕೂಟಿ ನಿಲ್ಲಿಸಿ ಕೇಳಿಕೊಂಡಿದ್ದ. ತೂಕ ನೋಡುತ್ತಾಳೆ, ಬಿಪಿ ನೋಡುತ್ತಾಳೆ, ಗುಳಿಗೆ ಕೊಡುತ್ತಾಳೆ ಎಂದಷ್ಟೇ ಅವನು ತಿಳಿದಿದ್ದ. ಅಥವಾ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಅವಳು ಬಂದದ್ದು ಬೆಳಗಿನ ಎಂಟಕ್ಕೆ. ತೂಕ ನೋಡಿದಳು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಆಮೇಲೆ ಚೀಲದಿಂದ ಬೆರಳಿನಷ್ಟು ಉದ್ದದ ಬಿಳಿ ಡಬ್ಬಿಯೊಂದನ್ನು ತೆಗೆದು ಚಾಪೆಯ ಮೇಲಿಟ್ಟಳು.

"ಇದೇನ್ರಿ ಸಿಸ್ಟರ್?" ಎಂದಳು ರೇಣಮ್ಮ.

"ರಕ್ತ ತಪಾಸಣಿ. ಒಂದು ಹನಿ ಸಾಕು, ಇಪ್ಪತ್ತು ಮಿನಿಟಿನ್ಯಾಗ ಇಲ್ಲೇ ಗೊತ್ತಾಗ್ತದ. ಎಚ್‌ಐವಿ ಅದನೋ ಇಲ್ಲೋ, ಗರ್ಮಿ ಬ್ಯಾನಿ, ಅಂದ್ರ ಸಿಫಿಲಿಸ್, ಅದನೋ ಇಲ್ಲೋ ಎರಡೂ ಹೇಳ್ತದ. ಅಂಜಬ್ಯಾಡವಾ, ಈಗ ಎಲ್ಲಾ ಬಸುರಿ ಹೆಣ್ಮಕ್ಕಳಿಗೂ ಮಾಡ್ತೀವಿ."

ಗರ್ಮಿ ಎಂಬ ಮಾತು ಕಿವಿಗೆ ಬಿದ್ದದ್ದೇ, ಬಾಗಿಲಲ್ಲಿ ನಿಂತಿದ್ದ ಮಲ್ಕಪ್ಪ ಒಂದು ಹೆಜ್ಜೆ ಒಳಗಿಟ್ಟ. ಬೇಡ ಎನ್ನಬೇಕೆಂದುಕೊಂಡ. ಯಾಕೆ ಬೇಡ ಎಂದರೆ ಏನು ಹೇಳುವುದು? ಅಷ್ಟರಲ್ಲಿ ರೇಣಮ್ಮ ಎಡಗೈ ಚಾಚಿಯೂ ಆಗಿತ್ತು. ಕುಬ್ರಾಬೇಗಂ ಬೆರಳ ತುದಿಯನ್ನು ಸ್ಪಿರಿಟಿನ ಹತ್ತಿಯಿಂದ ಒರೆಸಿ, ಚುಚ್ಚಿ, ಹಿಂಡಿ, ಹನಿಯನ್ನು ಡಬ್ಬಿಯ ತೂತಿಗೆ ಬಿಟ್ಟಳು. ಅದರ ಮೇಲೆ ಸಣ್ಣ ಬಾಟಲಿಯಿಂದ ಎರಡು ಹನಿ ನೀರಿನಂಥದು. "ಈ ಮ್ಯಾಲಿನ ಗೆರಿ ಎಲ್ಲಾರಿಗೂ ಬರ್ತದ. ಅದರ ಕೆಳಗ ಇನ್ನೊಂದು ಬರಬಾರದು, ಅಷ್ಟೇ," ಎಂದಳು.

ರೇಣಮ್ಮ ಚಹಾ ಇಡಲು ಒಳಗೆ ಹೋದಳು. ಕುಬ್ರಾಬೇಗಂ ತನ್ನ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾತು ತೆಗೆದಳು. ಮಲ್ಕಪ್ಪ ಹೂಂ ಅನ್ನುತ್ತ ಡಬ್ಬಿಯನ್ನೇ ನೋಡುತ್ತಿದ್ದ. ಮೊದಲು ಒಂದು ಗೆರೆ ಎದ್ದಿತು. ಬಹಳ ಹೊತ್ತಾದ ಮೇಲೆ ಅದರ ಕೆಳಗೆ, ಒದ್ದೆ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಎಳೆದಂತೆ ಇನ್ನೊಂದು ಮೂಡಿ, ನೋಡನೋಡುತ್ತ ದಟ್ಟವಾಯಿತು. ನರ್ಸ್ ಮಗಳ ಮಾತು ಬಿಟ್ಟು, "ಇದು ಗರ್ಮಿ ಗೆರಿ," ಎಂದಳು.

ಒಂಬತ್ತೂವರೆ ವರ್ಷದ ಹಿಂದೆ ಯಾದಗಿರಿಯ ದೊಡ್ಡ ದವಾಖಾನೆಯ ಮೂಲೆಯ ಖೋಲಿಯಲ್ಲಿ ಅವನು ಈ ಹೆಸರನ್ನು ಮೊದಲು ಕೇಳಿದ್ದ. ಮದುವೆಯಾಗಿ ಎರಡು ವರ್ಷವಾಗಿದ್ದಾಗ ಕಾಲುವೆ ದುರಸ್ತಿಗೆಂದು ಅವನನ್ನು ಆರು ತಿಂಗಳು ಭೀಮರಾಯನಗುಡಿಯ ಕಡೆ ಹಾಕಿದ್ದರು. ಅಲ್ಲಿ ಸಿಮೆಂಟಿನ ಲಾರಿಯವರ ಸ್ನೇಹವಾಯಿತು. ಅವರು ಕರೆದರೆಂದು ಹೆದ್ದಾರಿಯ ಮಗ್ಗುಲಿನ ಒಂದು ಲಾಡ್ಜಿಗೆ ಎರಡು ಸಲ ಹೋದ. ಆಮೇಲೆ ಒಂದು ಹುಣ್ಣಾಯಿತು. ನೋವಿರಲಿಲ್ಲ. ತಾನಾಗಿಯೇ ಮಾಯಿತು, ಅವನೂ ಮರೆತ. ರೇಣಮ್ಮನ ಮೊದಲ ಬಸಿರು ಎಂಟು ತಿಂಗಳಿಗೆ ಸತ್ತು ಹುಟ್ಟಿತು. ಅದಾಗಿ ಕೆಲವು ವಾರಗಳಿಗೆ ಅವನ ಅಂಗೈ, ಅಂಗಾಲಿಗೆ ಕೆಂಪು ಕಲೆಗಳೆದ್ದವು. ಸುರಪುರ, ಶಹಾಪುರದಲ್ಲಿ ಗುರುತಿನವರಿದ್ದಾರೆಂದು ಅಂಜಿ ಯಾದಗಿರಿಗೇ ಹೋಗಿ ತೋರಿಸಿದ. ರಕ್ತ ನೋಡಿ ಸೂಜಿ ಚುಚ್ಚಿದರು. ಅಲ್ಲಿ ಬುದ್ಧಿ ಹೇಳಲು ಕೂತಿದ್ದ ಕನ್ನಡಕದ ಹೆಣ್ಣುಮಗಳು, ಬೈಯದೆ, ಮುಖ ಸಿಂಡರಿಸದೆ ಹೇಳಿದ್ದಳು: "ನಿಮಗೊಬ್ಬರಿಗೆ ಸೂಜಿ ಕೊಟ್ರ ಆಗಂಗಿಲ್ರಿ. ಮನಿಯವರನ್ನ ಕರ್ಕೊಂಡು ಬರ್ರಿ. ಹೋದ ಕೂಸು ಇದರಿಂದಲೇ ಹೋಗಿರಬಹುದು. ಅವರಿಗೆ ಔಷಧ ಆಗಲಿಲ್ಲಂದ್ರ ಮುಂದಿನದೂ ಉಳಿಯೂದು ಕಷ್ಟ." ರೇಣಮ್ಮನ ಹೆಸರು ಬರೆದು ಒಂದು ಚೀಟಿಯನ್ನೂ ಕೊಟ್ಟಿದ್ದಳು.

ಆ ಚೀಟಿ ನಾಲ್ಕು ದಿನ ಅಂಗಿಯ ಕಿಸೆಯಲ್ಲಿತ್ತು. ಕೂಸು ಕಳೆದುಕೊಂಡು ಮೂಲೆ ಹಿಡಿದವಳಿಗೆ ಈಗಲೇ ಹೇಗೆ ಹೇಳುವುದು, ಸ್ವಲ್ಪ ಸುಧಾರಿಸಲಿ ಎಂದುಕೊಂಡ. ಐದನೆಯ ದಿನ ಅವಳು ಅಂಗಿ ಒಗೆಯಲು ತೆಗೆದದ್ದನ್ನು ಕಂಡು, ಕಸಿದುಕೊಂಡು ಹೋಗಿ, ಚೀಟಿಯನ್ನು ಚೂರು ಮಾಡಿ ಕಾಲುವೆಗೆ ಬಿಟ್ಟ. ನನಗೆ ಸೂಜಿಯಾಯಿತಲ್ಲ, ಇನ್ನು ಅವಳಿಗೆಲ್ಲಿಂದ ಬರುತ್ತದೆ ಎಂದು ಒಂದು ಸಮಾಧಾನ ಹುಡುಕಿಕೊಂಡ. ಎರಡು ವರ್ಷದ ಮೇಲೆ ಮತ್ತೆ ನಿಂತದ್ದು ಏಳು ತಿಂಗಳಿಗೆ ಹೋಯಿತು. ಗಂಡು. ಬಟ್ಟೆಯಲ್ಲಿ ಸುತ್ತಿದ ಅದನ್ನು ಎತ್ತಿಕೊಂಡು ಹೋಗುವಾಗ ಅವನಿಗೆ ಎಲ್ಲವೂ ಗೊತ್ತಿತ್ತು.

ತಿಮ್ಮವ್ವ ಸೊಸೆಯ ಹೊಟ್ಟೆಯಲ್ಲಿ ನಂಜಿದೆ ಎಂದಳು. ಬಸುರಿಯರ ಕುಬುಸದ ಮನೆಗೆ, ತೊಟ್ಟಿಲ ಮನೆಗೆ ಅವಳು ಹೋಗಬಾರದೆಂದಳು. ನಂಜು ಸುಡಬೇಕೆಂದು ನಾಟಿ ಔಷಧದ ಮುದುಕನೊಬ್ಬನನ್ನು ಕರೆಸಿ ಹೊಟ್ಟೆಗೆ ಬರೆ ಹಾಕಿಸಿದಳು. ಕೆಂಪಗೆ ಕಾದ ಕಬ್ಬಿಣ ಹತ್ತಿರ ಬಂದಾಗ ರೇಣಮ್ಮ ಕೊಸರಾಡದಂತೆ ಅವಳ ಎರಡೂ ಕೈ ಹಿಡಿದಿದ್ದವನು ಮಲ್ಕಪ್ಪನೇ.

"ನಿಮ್ಮದೂ ನೋಡಬೇಕಲ್ರಿ," ಎಂದಳು ಕುಬ್ರಾಬೇಗಂ.

ಅವನು ಕೂತು ಬೆರಳು ಕೊಟ್ಟ. ಅವನ ಡಬ್ಬಿಯಲ್ಲೂ ಎರಡನೆಯ ಗೆರೆ ಎದ್ದಿತು.

"ಹಿಂದ ಯಾವಾಗರೆ ಇದಕ್ಕ ಸೂಜಿ ತೊಗೊಂಡೀರೇನು? ನೆನಪ ಮಾಡ್ಕೋರಿ. ಒಮ್ಮೆ ಬಂದು ಆರಾಮಾಗಿ ಹೋದ್ರೂ ಇದರಾಗ ಈ ಗೆರಿ ಬರ್ತದ."

ರೇಣಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇಲ್ರಿ," ಎಂದ ಮಲ್ಕಪ್ಪ.

ಕುಬ್ರಾಬೇಗಂ ಅವನ ಮುಖವನ್ನು ಒಂದು ಗಳಿಗೆ ನೋಡಿ, ರೇಣಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದಳು. ಇದು ಕಡೆಯ ಮಾತಲ್ಲ, ಸುರಪುರದಲ್ಲಿ ರಕ್ತ ಕೊಟ್ಟು ಇನ್ನೊಮ್ಮೆ ನೋಡಿಸಬೇಕು. ಖರೆಯಾದರೂ ವಾರಕ್ಕೊಂದರಂತೆ ಮೂರು ಸೂಜಿ, ಅಷ್ಟರಲ್ಲಿ ವಾಸಿಯಾಗುತ್ತದೆ. ಇನ್ನೂ ಮೂರು ತಿಂಗಳಾದ್ದರಿಂದ ಹೊಟ್ಟೆಯಲ್ಲಿರುವುದನ್ನು ಉಳಿಸಿಕೊಳ್ಳಬಹುದು.

"ಇದು ಹೆಂಗ ಬರ್ತದ್ರಿ?" ಎಂದು ರೇಣಮ್ಮ ಕೇಳಿದಳು. ನರ್ಸ್ ಧ್ವನಿ ತಗ್ಗಿಸಿ ಹೇಳಿದಳು. "ಯಾರಿಂದ ಯಾರಿಗೆ ಬಂತಂತ ಈ ಡಬ್ಬಿ ಹೇಳಂಗಿಲ್ಲವಾ," ಎಂದೂ ಸೇರಿಸಿದಳು. ಚಹಾ ಯಾರೂ ಕುಡಿಯಲಿಲ್ಲ.

ಆ ದಿನ ರೇಣಮ್ಮ ಅವನ ಮೇಲೆ ರೇಗಾಡುತ್ತಾಳೆಂದು ಮಲ್ಕಪ್ಪ ಕಾದ. ಅವಳು ರೇಗಾಡಲಿಲ್ಲ. ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, ಹಿಟ್ಟಿನ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡಳು.

"ಈ ಕೂಸಿನ ಮ್ಯಾಲ ಆಣಿ ಮಾಡಿ ಹೇಳ್ತೀನ್ರಿ. ನಿಮ್ಮನ್ನ ಬಿಟ್ಟು ಇನ್ನೊಬ್ಬ ಗಂಡಸಿನ ನೆಳ್ಳು ನಾ ಕಂಡಾಕಿ ಅಲ್ಲ."

"ನನಗ ಗೊತ್ತೈತಿ ಬಿಡು," ಎಂದ.

ಹಾಗೆ ಎಂದದ್ದು ಅವಳಿಗೆ ಸಾಲಲಿಲ್ಲ. ಮದುವೆಗೆ ಮೊದಲು ಸಗರದಲ್ಲಿ ಸೋದರಮಾವನ ಮಗನಿಗೆ ಅವಳನ್ನು ಕೊಡುವ ಮಾತು ನಡೆದು ಮುರಿದಿತ್ತು. ಅದನ್ನೆತ್ತಿ ತಿಮ್ಮವ್ವ ಹಿಂದೊಮ್ಮೆ ಚುಚ್ಚಿ ಆಡಿದ್ದಳು. ಗಂಡ ಬಾಯಿ ಬಿಡದೆ ಗುಮ್ಮನೆ ಕೂತಿರುವುದು ಆ ಸಂಶಯದಿಂದಲೇ ಎಂದು ರೇಣಮ್ಮನಿಗೆ ಅನಿಸಿತು. ಸುರಪುರದಲ್ಲಿ ಅವಳ ರಕ್ತ ಕೊಟ್ಟು ಬಂದರು, ತನ್ನದನ್ನು ಮಲ್ಕಪ್ಪ ಮುಂದೂಡಿದ. ಖರೆ ಎಂದಾಯಿತು. ಮೊದಲ ಸೂಜಿ ಆಯಿತು. ಸೂಜಿಯ ನೋವಿಗೆ ಕುಂಟುತ್ತ ಬಸ್‌ಸ್ಟ್ಯಾಂಡಿಗೆ ಬರುವಾಗಲೂ ಅವಳು ಕೇಳಿದ್ದು ಒಂದೇ: "ನನ್ನ ನಂಬತೀರಿಲ್ಲ?" ಅವನು ತಲೆಯಾಡಿಸಿದ. ತಲೆಯಾಡಿಸಿದಷ್ಟೂ ಅವಳ ಅಂಜಿಕೆ ಹೆಚ್ಚಾಯಿತು. ಸತ್ತ ಎರಡು ಕೂಸುಗಳ ಮೇಲೆ ಆಣೆ ಮಾಡಿದಳು. ತವರಿನ ಅಣ್ಣನ ಮೇಲೆ ಮಾಡಿದಳು. ಕಡೆಗೆ ಸೋಮವಾರ ಬೆಳಿಗ್ಗೆ ತಲೆ ತುಂಬ ನೀರು ಹಾಕಿಕೊಂಡು ಬಂದು ಅಂದಳು: "ತಿಂಥಣಿಗೆ ಕರ್ಕೊಂಡು ಹೋಗ್ರಿ. ಮೌನಪ್ಪನ ಗುಡಿ ಮುಂದ ಹಸೀ ಸೀರ್‍ಯಾಗ ನಿಂತು ಆಣಿ ಮಾಡ್ತೀನಿ. ಅಲ್ಲಿ ಸುಳ್ಳಾಡಿದ್ರ ಉಳಿಯಂಗಿಲ್ಲಂತ ನಿಮಗೂ ಗೊತ್ತೈತಿ. ಆವಾಗರೆ ನಿಮ್ಮ ಮನಸಿನ ಮುಳ್ಳು ಹೋಗ್ತದ."

ಬೇಡ ಎಂದರೆ ಸಂಶಯ ಖರೆ ಎಂದುಕೊಳ್ಳುತ್ತಾಳೆ. ಮಲ್ಕಪ್ಪ ಬೈಕು ತೆಗೆದ. ದಾರಿಯುದ್ದಕ್ಕೂ ಅವಳ ಕೈ ಅವನ ಹೆಗಲ ಮೇಲಿತ್ತು. ಹೊಂಡ ಬಂದಲ್ಲೆಲ್ಲ ಅದು ಬಿಗಿಯಾಗುತ್ತಿತ್ತು. ಇವಳು ಯಾರನ್ನು ನಂಬಿ ಕೂತಿದ್ದಾಳೆ ಎಂದು ಅವನು ನೆನೆದ.

ತಿಂಥಣಿಯಲ್ಲಿ ಅಂದು ಜನ ಕಡಿಮೆ. ಹೊಳೆಯ ಕಲ್ಲುಗಳ ಮೇಲೆ ಇಬ್ಬರು ಮುದುಕಿಯರು ಬಟ್ಟೆ ಒಣಹಾಕುತ್ತಿದ್ದರು. ರೇಣಮ್ಮ ಸೆರಗು ಬಿಗಿದು ನೀರಿಗಿಳಿದಳು. ಮೊಣಕಾಲು, ತೊಡೆ, ಆಮೇಲೆ ಸೊಂಟ. ನೀರು ತಣ್ಣಗಿತ್ತೇನೋ, ಅವಳ ಭುಜ ನಡುಗಿತು. ಹೊಟ್ಟೆಯನ್ನು ಒಂದು ಕೈಯಿಂದ ಮುಚ್ಚಿಕೊಂಡೇ ಒಂದು ಮುಳುಗು ಹಾಕಿ ಎದ್ದಳು. ಕೂದಲಿನಿಂದ ನೀರು ಸುರಿಯುತ್ತಿದ್ದಂತೆ ದಂಡೆಯ ಮೇಲಿದ್ದ ಗಂಡನ ಕಡೆ ತಿರುಗಿ, ಇನ್ನು ಸರಿಹೋಗುತ್ತದೆ ಎಂಬಂತೆ ಸಣ್ಣಗೆ ನಕ್ಕಳು.

ಮಲ್ಕಪ್ಪ ಚಪ್ಪಲಿ ಬಿಡದೆಯೇ ನೀರಿಗಿಳಿದ.

"ಆಣಿ ಮಾಡಬ್ಯಾಡ."

"ಯಾಕ್ರಿ?"

"ನಿನ್ನಿಂದ ಬಂದಿದ್ದಲ್ಲ ಅದು. ನಾ ತಂದದ್ದು. ಭೀಮರಾಯನಗುಡಿ ಕಡೆ ಇದ್ದಾಗ. ಯಾದಗಿರ್‍ಯಾಗ ಸೂಜಿ ತೊಗೊಂಡಿದ್ದೆ. ನಿನ್ನನ್ನೂ ಕರ್ಕೊಂಡು ಬಾ ಅಂದಿದ್ರು. ನಾ ಕರ್ಕೊಂಡು ಹೋಗಲಿಲ್ಲ."

ಅವಳಿಗೆ ಮೊದಲು ತಿಳಿಯಲೇ ಇಲ್ಲ. ನೀರಿನಲ್ಲೇ ನಿಂತು ಅವನ ಬಾಯನ್ನು ನೋಡಿದಳು.

"ಯಾವಾಗಿನ ಮಾತು?"

"ಮೊದಲನೇ ಕೂಸು ಹೋದ ಮ್ಯಾಲ."

"ಮೊದಲನೇದು ಹೋದ ಮ್ಯಾಲ," ಎಂದು ಅವಳು ತಿರುಗಿ ಅಂದಳು. "ಹಂಗಾದ್ರ ಎರಡನೇದು ನಿಂತಾಗ ನಿನಗ ಗೊತ್ತಿತ್ತು."

ಹದಿಮೂರು ವರ್ಷದಲ್ಲಿ ಅವಳು ಅವನಿಗೆ 'ನೀ' ಎಂದದ್ದು ಅದೇ ಮೊದಲು. ದಂಡೆಯ ಮುದುಕಿಯರು ಇತ್ತ ನೋಡಿದರು. ಅವಳು ಅಳಲಿಲ್ಲ. ನೀರಿನಿಂದ ಹೊರಗೆ ಬಂದು, ಕಲ್ಲಿನ ಮೇಲೆ ಕೂತು ಸೀರೆಯ ಅಂಚು ಹಿಂಡಿದಳು. ಅವನು ಎದುರಿಗೆ ನಿಂತಿದ್ದ. ಕೂರು ಎಂದು ಅವಳೂ ಹೇಳಲಿಲ್ಲ.

"ಬರಿ ಹಾಕಿಸುವಾಗ ನನ್ನ ಕೈ ಹಿಡ್ಕೊಂಡಿದ್ದಿ," ಎಂದಳು. "ಜರಾ ತಡಕೋ, ಎಲ್ಲಾ ಚಲೋ ಆಗ್ತದಂತ ಕಿವ್ಯಾಗ ಹೇಳಿದ್ದಿ."

"ಹೇಳಿದ್ದೆ."

"ಮೊನ್ನಿಯಿಂದ ನಾ ಆಣಿ ಮಾಡಾಕತ್ತೇನಿ. ದಿನಾ ಮಾಡಾಕತ್ತೇನಿ. ನೀ ಕೇಳಕೋತ ಕುಂತಿ."

ತಪ್ಪಾಯಿತು ಎಂಬ ಮಾತು ಅವನ ನಾಲಗೆಯ ಮೇಲಿತ್ತು. ಅದನ್ನು ಅವಳ ಮುಂದೆ ಇಡಲೂ ನಾಚಿಕೆಯಾಯಿತು.

ಹಿಂಡಿದ ಅಂಚನ್ನು ಬಿಟ್ಟು ಅವಳು ಕೇಳಿದಳು: "ಎರಡನೇದರ ಮಾರಿ ನನಗ ಯಾರೂ ತೋರಸಲಿಲ್ಲ. ನೀ ನೋಡೀದಿ. ಹೆಂಗಿತ್ತು?"

ಮಲ್ಕಪ್ಪ ಎದುರಿನ ಕಲ್ಲಿನ ಮೇಲೆ ಕೂತ. "ಬಟ್ಟಿ ತೆರದು ನೋಡಿದ್ದೆ. ಹಣಿ ನಿಂದು. ಗದ್ದದ ಮ್ಯಾಲ ಕುಳಿ ಇತ್ತು. ತಲಿ ತುಂಬ ಕೂದಲಿತ್ತು."

ಅವಳು ಆಗ ಅತ್ತಳು. ಒಬ್ಬ ಮುದುಕಿ ಎದ್ದು ಬಂದು ಒಣಗಿದ ಸೀರೆಯೊಂದನ್ನು ಅವಳ ಮೈಮೇಲೆ ಹೊದಿಸಿ, ಏನಾಯಿತೆಂದು ಕೇಳದೆ ಪಕ್ಕದಲ್ಲಿ ಕೂತಳು.

ರೇಣಮ್ಮ ಮತ್ತೆ ಬೈಕು ಹತ್ತಲಿಲ್ಲ. ಸಗರದಲ್ಲಿದ್ದ ಅಣ್ಣ ಚಂದ್ರಾಮಪ್ಪನಿಗೆ ಫೋನು ಮಾಡಿ ಬರುತ್ತಿದ್ದೇನೆ ಎಂದಷ್ಟೇ ಹೇಳಿದಳು. ಬಸ್ಸಿಗೆ ಕಾಯುವಾಗ ಮಲ್ಕಪ್ಪನಿಗೆ ಎರಡು ಮಾತು ಹೇಳಿದಳು. "ಇನ್ನೆರಡು ಸೂಜಿ ಶಹಾಪುರದಾಗ ಮಾಡಿಸ್ಕೋತೀನಿ. ನೀ ಬರಬ್ಯಾಡ. ನಿಮ್ಮವ್ವಗ ಹೋಗಿ ಹೇಳು, ನಿನ್ನ ಬಾಯಿಲೇ. ನನ್ನ ಹೊಟ್ಟ್ಯಾಗಿನ ನಂಜು ಯಾರದಂತ."

ಮರುದಿನ ಅವನು ಮೊದಲು ಕುಬ್ರಾಬೇಗಂಳ ಹತ್ತಿರ ಹೋಗಿ ಖರೆ ಹೇಳಿದ. ಅವಳು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ನಾ ಕೇಳಿದಾಗ ಆಕಿ ಮುಂದ ಹೇಳಿದ್ರ ಆಗ್ತಿತ್ತಲ್ರಿ. ಆಕಿಗೆ ಅಷ್ಟು ದಿನದ ಸಂಕಟರೆ ಕಡಿಮಿ ಆಗ್ತಿತ್ತು," ಎಂದಳು. ಅವನನ್ನೂ ರಕ್ತ ಪರೀಕ್ಷೆಗೆ ಕಳಿಸಿದಳು. ಶಹಾಪುರದ ನರ್ಸಿಗೆ ಫೋನು ಮಾಡಿ ರೇಣಮ್ಮನ ಸೂಜಿ ತಪ್ಪದಂತೆ ನೋಡಿಕೊಂಡಳು.

ಹಟ್ಟಿಗೆ ಹೋಗಲು ಅವನಿಗೆ ಮೂರು ದಿನ ಬೇಕಾಯಿತು. ಬಿಸಿಲು ಏರುವ ಹೊತ್ತು. ತಿಮ್ಮವ್ವ, ತಾಯಿ ಸತ್ತ ಕುರಿಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ಅತ್ತಿಗೆ ಕರೆಮ್ಮ ಕಸ ಹೊಡೆಯುತ್ತಿದ್ದಳು. ಅವಳು ಒಳಗೆ ಹೋಗಲೆಂದು ಕಾಯುವ ಆಸೆಯಾಯಿತು. ಹಾಗೆ ಕಾಯುತ್ತಲೇ ಒಂಬತ್ತು ವರ್ಷ ಕಳೆದವನು ತಾನು ಎಂದುಕೊಂಡು, ಅವಳಿರುವಾಗಲೇ ಹೇಳಿದ. ರೇಣಮ್ಮನಿಗೆ ಮತ್ತೆ ನಿಂತಿದೆ, ತವರಿಗೆ ಹೋಗಿದ್ದಾಳೆ. ಹಿಂದಿನ ಎರಡು ಕೂಸು ಹೋದದ್ದು ನನ್ನ ರೋಗದಿಂದ. ನನಗೆ ಗೊತ್ತಿತ್ತು.

ಕರೆಮ್ಮನ ಕಸಬರಿಗೆ ನಿಂತಿತು. ತಿಮ್ಮವ್ವ ಮೊದಲು ಮಗನ ಪರವಾಗಿಯೇ ಮಾತಾಡಿದಳು. "ಗಂಡಸಾದವ ಒಮ್ಮೆ ಕಾಲು ಜಾರ್ತಾನ. ಅದನ್ನ ದೊಡ್ಡದು ಮಾಡ್ಕೊಂಡು ತವರಿಗೆ ಹೋಗ್ಯಾಳೇನಾಕಿ?"

"ಜಾರಿದ್ದಲ್ಲವ್ವ. ಆಕಿಗೆ ಔಷಧ ಕೊಡಸು ಅಂತ ಚೀಟಿ ಬರದು ಕೊಟ್ಟಿದ್ರು. ಹರದು ಕಾಲುವಿಗೆ ಒಗದೆ. ನೀ ಆಕಿಗೆ ಬಂಜಿ ಅಂದಿ, ನಂಜು ಅಂದಿ. ನಾ ಕೇಳ್ಕೋತ ಉಂಡೆ."

ತಿಮ್ಮವ್ವನ ಕೈಯಲ್ಲಿದ್ದ ಬಾಟಲಿ ಓರೆಯಾಗಿ ಹಾಲು ಸೀರೆಯ ಮೇಲೆ ಹರಿಯಿತು. ಮರಿ ಹುಡುಕಾಡಿತು. "ನಾ ಬರಿ ಹಾಕಿಸಿದೆನಲ್ಲೋ," ಎಂದಳು. "ಹಾಕಿಸೂದು ಬ್ಯಾಡಂತ ಒಂದು ಮಾತು ಅಂದಿದ್ರ ನಾ ಬಿಡತಿದ್ದೆನಲ್ಲೋ." ಆಮೇಲೆ ಅವನು ಎಷ್ಟು ಹೊತ್ತು ಕೂತರೂ ಅವನ ಕಡೆ ನೋಡಲಿಲ್ಲ.

ಎರಡು ದಿನ ಬಿಟ್ಟು ಅವಳು ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಸಗರಕ್ಕೆ ಹೋದಳು. ಅಲ್ಲಿ ನಡೆದದ್ದನ್ನು ಚಂದ್ರಾಮಪ್ಪ ಆಮೇಲೆ ಫೋನಿನಲ್ಲಿ ಹೇಳಿದ. ಮುದುಕಿ ಹೊಸ್ತಿಲ ಹೊರಗೇ ಕೂತಳಂತೆ, ಎಷ್ಟು ಕರೆದರೂ ಒಳಗೆ ಬರಲಿಲ್ಲವಂತೆ. ರೇಣಮ್ಮ ತಂಬಿಗೆಯಲ್ಲಿ ನೀರು ತಂದುಕೊಟ್ಟಳಂತೆ. ಮುದುಕಿ ಸೊಸೆಯ ಕಾಲು ಮುಟ್ಟಲು ಹೋದಾಗ ಅವಳು ಹಿಂದೆ ಸರಿದು, "ಹಂಗ ಮಾಡಬ್ಯಾಡತ್ತಿ," ಎಂದಳಂತೆ. ಸಂಜೆಯ ಬಸ್ಸಿಗೆ ಮುದುಕಿ ವಾಪಸು ಬಂದಳು. ಮಗನ ಮನೆಯ ಮುಂದಿನಿಂದಲೇ ನಡೆದುಹೋದಳು. ಒಳಗೆ ಬರಲಿಲ್ಲ.

ಮಳೆಗಾಲ ಮುಗಿದು, ಕಾಲುವೆಯ ಕೆಳಗೆ ಭತ್ತ ತೆನೆ ಬಿಟ್ಟಿದ್ದ ಹೊತ್ತಿಗೆ ಚಂದ್ರಾಮಪ್ಪನ ಫೋನು ಬಂತು. "ಹೆಣ್ಣುಕೂಸು. ಅಳಾಕತ್ತದ, ಕೇಳಸ್ತದೇನು?" ಎಂದು ಅವನು ಫೋನನ್ನು ಹತ್ತಿರ ಹಿಡಿದ. ಕೇಳಿಸಿತು. ಮಲ್ಕಪ್ಪ ಗೇಟಿನ ಚಕ್ರ ಹಿಡಿದುಕೊಂಡು ನಿಂತೇ ಇದ್ದ. ಇಂಥ ಅಳು ಈ ಮೊದಲೇ ಎರಡು ಸಲ ಕೇಳಬಹುದಾಗಿತ್ತು ಎಂಬುದು ಅವನ ಎದೆಯಲ್ಲಿ ಎದ್ದು, ಸಂತೋಷ ಪಡಲೂ ಬಿಡಲಿಲ್ಲ.

ಶಹಾಪುರದ ದವಾಖಾನೆಯಲ್ಲಿ ಕೂಸಿನ ರಕ್ತ ನೋಡಿ, ಸದ್ಯಕ್ಕೆ ಚಿಂತೆಯಿಲ್ಲ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಎಂದರು. ಅವನು ವಾರ್ಡಿನ ಬಾಗಿಲಲ್ಲೇ ನಿಂತ. ರೇಣಮ್ಮ ಕಂಡಳು. ಒಳಗೆ ಬಾ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೂಸಿನ ಬಟ್ಟೆ ಸರಿಮಾಡಿ, "ಹಿಡಿ, ತಲಿ ಕೆಳಗ ಕೈ ಕೊಡು," ಎಂದು ಕೂಸನ್ನು ಚಾಚಿದಳು.

ದವಾಖಾನೆಯಿಂದ ಅವಳು ಸಗರಕ್ಕೇ ಹೋದಳು. ಕಾಲುವೆಗೆ ನೀರು ಬಂದ್ ಇರುವ ವಾರಗಳಲ್ಲಿ ಮಲ್ಕಪ್ಪ ಹೋಗಿ ಬರುತ್ತಾನೆ. ಅವಳು ಊಟಕ್ಕೆ ಬಡಿಸುತ್ತಾಳೆ, ಕೂಸನ್ನು ಕೊಡುತ್ತಾಳೆ, ಚುಚ್ಚುಮದ್ದಿನ ತಾರೀಖು ಹೇಳುತ್ತಾಳೆ. ಕೂಸಿಗೆ ಐದು ತಿಂಗಳಾದಾಗ ಅವನು ತಡೆಯಲಾರದೆ ಕೇಳಿದ:

"ಮನಿಗೆ ಯಾವಾಗ ಬರ್ತಿ?"

ರೇಣಮ್ಮ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಗೊತ್ತಿಲ್ಲ. ಬರ್ತೀನೋ ಇಲ್ಲೋ ಅದೂ ಗೊತ್ತಿಲ್ಲ. ಸಿಟ್ಟು ಹೋಗ್ಯಾದ ಅಂತ ಮುಂಜಾನಿ ಅನಸ್ತದ, ಕೂಸು ಕಣ್ಣು ತೆರದು ನಕ್ಕಕೂಡ್ಲೆ ಉಳಿದೆರಡು ನೆನಪಾಗ್ತಾವ. ನೀ ಬಾ, ಬ್ಯಾಡ ಅನ್ನಂಗಿಲ್ಲ. ಆದ್ರ ಇದೊಂದು ಕೇಳಬ್ಯಾಡ."

"ಕೇಳಂಗಿಲ್ಲ," ಎಂದ.

ಅವಳು ಕೂಸನ್ನು ಬಿಸಿನೀರಿಗೆ ಒಯ್ದಳು. ಒಳಗಿನಿಂದ ಕೂಸು ಕಿರುಚುವುದು, ಅವಳು ರಮಿಸುವುದು ಕೇಳಿಸುತ್ತಿತ್ತು. ಮಲ್ಕಪ್ಪ ಹೊರಸಿನ ಮೇಲೆ ಕೂತು ಸ್ವಲ್ಪ ಹೊತ್ತು ಕೇಳಿದ. ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಎದ್ದು, ಚಂದ್ರಾಮಪ್ಪನಿಗೆ ಬರುತ್ತೇನೆಂದು ಹೇಳಿ, ರಸ್ತೆಯ ಕಡೆ ನಡೆದ.